ಟೊಮೆಟೊ ಕೆಂಪಿನ ಗುಣ
ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ವಸ್ತು ಕ್ಯಾನ್ಸರ್‌ಗೆ ಮದ್ದೆಂಬಂತೆ ನಾನು ಓದಿದ ಲೇಖನವೊಂದು ಹೇಳಿ, ಅದರ ಮಾತ್ರೆಗಳನ್ನು ಶಿಫಾರಸು ಮಾಡಿರುವುದು ಅತಿಯಾಯಿತು. 40 ಕಾರ್ಬನ್ ಪರಮಾಣುಗಳ ಈ ಉದ್ದನೆಯ ಅಣುವಿನಲ್ಲಿ ಏಕಬಂಧದ ಬೆನ್ನಿಗೆ ದ್ವಿಬಂಧ ಬರುವಂತೆ ಸಾಲುಗಟ್ಟಿರುವ 11 ದ್ವಿಬಂಧಗಳು ನೀಲಿ-ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದಲೇ ಹಣ್ಣು ನಮಗೆ ಕೆಂಪಾಗಿ ಕಾಣುತ್ತದೆ. ಜೀವಕೋಶಗಳಿಗೆ ಹಾನಿ ಮಾಡಬಲ್ಲ ಸಿಂಗ್ಲೆಟ್ ಆಮ್ಲಜನಕವನ್ನು (ಹೆಚ್ಚು ಚೈತನ್ಯ ತುಂಬಿದ ಆಮ್ಲಜನಕದ ರೂಪ) ತಣಿಸುವ ಶಕ್ತಿಯೂ ಅದೇ ಸರಪಳಿಯದು. ಆದರೆ ಕ್ಯಾರೆಟ್ಟಿನ ಬಣ್ಣದ ವಸ್ತುವಾದ ಬೀಟಾ ಕ್ಯಾರೊಟೀನ್‌ಗಿರುವ ತುದಿಯ ಪರಮಾಣುಗಳ ಉಂಗುರ ಇದಕ್ಕಿಲ್ಲದ ಕಾರಣ ದೇಹದಲ್ಲಿ ಇದು ವಿಟಮಿನ್ ಎ ಆಗುವುದಿಲ್ಲ. ಕೊಬ್ಬಿನಲ್ಲಿ ಕರಗುವ ಈ ವಸ್ತು ಹಸಿ ಹಣ್ಣಿಗಿಂತ ಎಣ್ಣೆಯಲ್ಲಿ ಬೇಯಿಸಿದ ಗೊಜ್ಜಿನಿಂದಲೇ ಹೆಚ್ಚು ಮೈಗೆ ಹತ್ತುತ್ತದೆ (ಬೆಲೆ ಬಿದ್ದ ದಿನಗಳಲ್ಲಿ ನಮ್ಮ ಕೋಲಾರದ ಮನೆಗಳಲ್ಲಿ ಗೊಜ್ಜಿಗೇನೂ ಬರವಿಲ್ಲ). ಟೊಮೆಟೊ ಹೆಚ್ಚು ತಿನ್ನುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಎಂದು ಕೆಲವು ಅಧ್ಯಯನಗಳು ತೋರಿಸಿದ್ದರೂ, ಅದು ಆ ಬಣ್ಣದ ಗುಣವೋ ಇಡೀ ಆಹಾರಕ್ರಮದ ಗುಣವೋ ಎಂಬುದು ತೀರ್ಮಾನವಾಗದಿರುವಾಗ ಮಾತ್ರೆಗಳನ್ನು ಶಿಫಾರಸು ಮಾಡುವುದು ಅವಸರದ ಕೆಲಸ.