ಮಾರ್ಬಲ್ ಹಾಕ್ಸಿದ್ದು ಯಾರಿಗೆ?

ನಿನ್ನೆ ನೆಂಟರ ಮನೆ ಗೃಹಪ್ರವೇಶ. ಫಳಫಳ ಹೊಳಿಯೋ ಇಟಾಲಿಯನ್ ಮಾರ್ಬಲ್, ಮುಖ ನೋಡ್ಕೋಬಹುದು. ಅದರ ಮೇಲೆ ಎಂಟು ತಿಂಗಳ ಕೂಸು, ವಾಕರ್‌ನಲ್ಲಿ. ಅಲ್ಲಿಂದ ತೆಗೆದ್ರೆ ಸ್ಟ್ರೋಲರ್, ಆಮೇಲೆ ಯಾರದೋ ಸೊಂಟ, ಮತ್ತೆ ವಾಕರ್. ಊಟ ಮುಗಿಯೋ ತನಕ ಆ ಮಗುವಿನ ಅಂಗೈ ನೆಲಕ್ಕೆ ತಾಗಿದ್ದು ನಾನಂತೂ ಕಾಣ್ಲಿಲ್ಲ. ನಾನು ಫಿಸಿಯೋ ಅಲ್ವಾ, ನಮ್ಮತ್ತೆ ಕಣ್ಣಲ್ಲೇ "ಇಲ್ಲಿ ಶುರು ಮಾಡ್ಬೇಡ" ಅಂದ್ರು, ಅದಕ್ಕೇ ಫೇಸ್‌ಬುಕ್ಕಲ್ಲಿ ಶುರು ಮಾಡ್ತಿದೀನಿ.

ವಾಕರ್‌ಗೆ ಹಾಕಿದ್ರೆ ಬೇಗ ನಡೆಯುತ್ತೆ ಅಂತ ಯಾರು ಹಬ್ಬಿಸಿದ್ರೋ. ಇಲ್ಲ ಮಾರಾಯ್ರೆ, ತಡ ಆಗೋ ಸಾಧ್ಯತೆನೇ ಇದೆ. ಮಗು ತುದಿಗಾಲಲ್ಲಿ ನೆಲ ಒದ್ಕೊಂಡು ಜಾರ್ತಿರುತ್ತೆ, ಮೈ ಭಾರ ಸೀಟ್ ಹೊತ್ಕೊಂಡಿರುತ್ತೆ, ಟ್ರೇ ಅಡ್ಡ ಇರೋದ್ರಿಂದ ತನ್ನ ಕಾಲು ತನಗೇ ಕಾಣಲ್ಲ, ಬ್ಯಾಲೆನ್ಸ್ ಎಲ್ಲಿಂದ ಕಲೀಬೇಕು ಪಾಪ. ಮೆಟ್ಟಿಲು, ಬಿಸಿ ಸಾರು ಎಲ್ಲದರ ಹತ್ರ ಮಾತ್ರ ಕಣ್ಣು ಮಿಟುಕಿಸೋದ್ರಲ್ಲಿ ಹೋಗಿರುತ್ತೆ. ಕೆನಡಾದೋರು 2004ರಲ್ಲೇ ಇದನ್ನ ಮಾರೋದು ಬ್ಯಾನ್ ಮಾಡಿದ್ರು. ನಮ್ಮಲ್ಲಿ ನಾಮಕರಣಕ್ಕೆ ಗಿಫ್ಟು, ಅದೂ ಮ್ಯೂಸಿಕ್ ಬರೋದು!

ನೆಲಕ್ಕೆ ಬಿಡ್ರೀ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಇನ್ನೂ ಅಂಬೆಗಾಲಿಡದ ಮಗೂನ ಎಚ್ಚರ ಇದ್ದಾಗ ದಿನಕ್ಕೆ ಒಟ್ಟು 30 ನಿಮಿಷ ಆದ್ರೂ ಬೋರಲು ಮಲಗಿಸಿ, ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ (ನೀವು ಎದುರಿಗೇ ಇರಿ, ನಿದ್ದೆಗೆ ಅಂಗಾತಾನೇ ಮಲಗಿಸಿ, ಇದನ್ನ ಹೇಳ್ದಿದ್ರೆ ನಾಳೆ ಫೋನ್ ಬರುತ್ತೆ). ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸ್ಬೇಡಿ. ವರ್ಷ ತುಂಬಿದ್ಮೇಲೆ ದಿನಕ್ಕೆ 180 ನಿಮಿಷ ಮೈ ಆಡ್ಬೇಕು. ಮೂರು ಗಂಟೆ! ನಮ್ಮಲ್ಲಿ ಆ ಮೂರು ಗಂಟೆ ಮೊಬೈಲಿಗೆ ಮೀಸಲು, ತುತ್ತಿಗೊಂದು ವಿಡಿಯೋ.

ನೆಲ ಗಲೀಜು, ಥಂಡಿ ಆಗುತ್ತೆ, ಕೆಲಸಕ್ಕೆ ಹೋಗೋ ತಾಯಂದಿರ ಕಷ್ಟ ನಿಮಗೇನು ಗೊತ್ತು ಅಂತೀರ. ಕಷ್ಟ ಒಪ್ಪಿದೆ. ಗಲೀಜು ಒಪ್ಪಲ್ಲ. ದಿನಾ ಒರೆಸೋ ನೆಲ ಗಲೀಜು, ಊರೆಲ್ಲ ಸುತ್ತಿ ಬಂದ ಮೊಬೈಲ್ ಮಗು ಬಾಯಿಗಿಟ್ಕೊಂಡ್ರೆ ಕ್ಲೀನಾ? ಒಂದು ಜಮಖಾನ ಹಾಸಿ, ಸ್ಟೀಲ್ ಲೋಟ ಕೈಗೆ ಸಿಕ್ಕೂ ಸಿಗದಷ್ಟು ದೂರ ಇಡಿ, ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿ, ಅಷ್ಟೇ.

ನಿಜ ಹೇಳ್ಲಾ, ಮಕ್ಕಳ ಗದ್ದಲ ನಂಗೆ ಅಷ್ಟಕ್ಕಷ್ಟೇ. ಛತ್ರದಲ್ಲಿ ಕಾಲಿಗೆ ಅಡ್ಡ ಸಿಕ್ಕೋ ಮಕ್ಕಳನ್ನ ಮನಸ್ಸಲ್ಲೇ ಬೈಕೋತೀನಿ. ಆದ್ರೂ ಕೂರಿಸಿದಲ್ಲೇ ಕೂತಿರೋ ಮಗೂನ "ಎಷ್ಟು ಶಾಂತ, ಹಠಾನೇ ಇಲ್ಲ" ಅಂತ ಹೊಗಳೋದು ಕೇಳಿದ್ರೆ ಮೈ ಉರಿಯುತ್ತೆ. ಬೆಲ್ಟ್ ಹಾಕಿ ಬಿಗಿದ್ರೆ ಅದು ಇನ್ನೇನು ಮಾಡುತ್ತೆ?

ಮಗು ತಾನಾಗೇ ಹೊಸಿಲು ದಾಟ್ತು ಅಂತ ಹೊಸಿಲಿಗೆ ಪೂಜೆ ಮಾಡಿ ಸಿಹಿ ಹಂಚೋ ಜನ ನಾವು. ವಾಕರ್ ಹೊಸಿಲಿಗೇ ಸಿಕ್ಕಾಕ್ಕೊಳ್ಳುತ್ತೆ, ಯಾರಾದ್ರೂ ಎತ್ತಿ ದಾಟಿಸ್ಬೇಕು, ಆ ಶಾಸ್ತ್ರಾನೂ ಹೋಯ್ತು.

"ನಮ್ಮ ಮಗ ವಾಕರ್‌ನಲ್ಲೇ ಬೆಳೆದ, ಈಗ ಇಂಜಿನಿಯರ್" ಅನ್ನೋ ಕಾಮೆಂಟ್ ಬರುತ್ತೆ, ಗೊತ್ತು. ಹಾಕಿ. ಲೈಕ್ ಮಾತ್ರ ಕೊಡಲ್ಲ.