14,000 ಕಿಲೋಮೀಟರ್ ಉದ್ದದ ಸಂಕಷ್ಟಿ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಗೂಗಲ್ ಮಾಡಿದ್ರೆ ಸುಮಾರು 14,000 ಕಿಮೀ, ನಾನ್‌ಸ್ಟಾಪ್ ಆದ್ರೆ 16-17 ಗಂಟೆ ಅಂತ ಬರುತ್ತೆ. ಬನಶಂಕರಿಯಿಂದ ದೇವನಹಳ್ಳಿ ಮುಟ್ಟೋ ಲೆಕ್ಕ ಅದರಲ್ಲಿಲ್ಲ. ನಲವತ್ತು ಚಿಲ್ಲರೆ ಕಿಮೀ, ಹೆಬ್ಬಾಳ ಮನಸ್ಸು ಮಾಡಿದ್ರೆ ಎರಡು ಗಂಟೆ. ಇದೇ ಸ್ಪೀಡಲ್ಲಿ ಅಮೆರಿಕಕ್ಕೆ ಹೋದ್ರೆ ಒಂದು ತಿಂಗಳು ಬೇಕು ಅಂತ ಅಣ್ಣನ ಮನೆಗೆ ಹೊರಟಿದ್ದ ನನ್ನನ್ನೂ ಅಮ್ಮನ್ನೂ ಬಿಡೋಕೆ ಬಂದ ಅಪ್ಪ ಕ್ಯಾಬಲ್ಲೇ ಲೆಕ್ಕ ಹಾಕಿ ಹೇಳಿದ್ರು.

ಅಪ್ಪಂಗೆ ಹಿಂದಿನ ರಾತ್ರಿಯಿಂದ ಇದೇ ಕೆಲಸ. ಅಮೆರಿಕ ಇರೋದು ಪಶ್ಚಿಮಕ್ಕೆ, ವಿಮಾನ ಉತ್ತರಕ್ಕೆ ಯಾಕೆ ಹೋಗ್ಬೇಕು ಅನ್ನೋದು ಅವರ ತಕರಾರು. ಕೊನೆಗೆ ಅಮ್ಮ ಹೂ ಕಟ್ಟೋ ದಾರ ತಗೊಂಡು ಹಳೇ ಗ್ಲೋಬ್ ಮೇಲೆ ಎರಡೂ ಊರಿಗೆ ಬಿಗಿಯಾಗಿ ಎಳೆದು ನೋಡಿದ್ರೆ ದಾರ ಜಾರಿಕೊಂಡು ಸೀದಾ ಉತ್ತರ ಧ್ರುವದ ಕಡೆಗೇ ಹೋಗ್ಬೇಕಾ! 2021ರ ಜನವರಿಲಿ ಏರ್ ಇಂಡಿಯಾದ ಹೆಣ್ಣುಮಕ್ಕಳೇ ಇದ್ದ ಪೈಲಟ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮೂರಿಗೆ ಆ ಧ್ರುವದ ಮೇಲೇ ಹಾರಿಸ್ಕೊಂಡು ಬಂದಿತ್ತು. ಗಾಳಿ ಅನುಕೂಲ ಇದ್ರೆ ಪೆಸಿಫಿಕ್ ಮೇಲೂ ಹೋಗ್ತಾರೆ ಅಂದೆ, ಅಪ್ಪ ಇನ್ನೊಂದು ದಾರ ಕೇಳಿದ್ರು.

ಇಷ್ಟೆಲ್ಲ ಭೂಗೋಳದ ಮಧ್ಯೆ ಅವತ್ತು ಸಂಕಷ್ಟಿ ಅನ್ನೋದನ್ನ ಯಾರೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ, ಅಮ್ಮನ್ನ ಬಿಟ್ಟು. ಚಂದ್ರೋದಯ ಆಗೋವರೆಗೂ ಅಮ್ಮ ಹಾಲು ಹಣ್ಣು ಬಿಟ್ಟು ಏನೂ ಮುಟ್ಟಲ್ಲ. ಮಧ್ಯಾಹ್ನ ಎರಡಕ್ಕೆ ವಿಮಾನ ಹತ್ತಿದ್ವಿ, ಅಲ್ಲಿ ಗಡಿಯಾರ ಬೇಸಿಗೇಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಅಂದ್ರೆ ನಮ್ಮೂರ ಲೆಕ್ಕದಲ್ಲಿ ರಾತ್ರಿಯೆಲ್ಲ ಹಾರಿ ಇಳಿದಾಗ ಅಲ್ಲಿ ಅದೇ ದಿನದ ಸಂಜೆ. ಊಟದ ಟ್ರೇ ಬಂದಾಗೆಲ್ಲ ಅಮ್ಮ ಕಿಟಕಿ ಶಟರ್ ಎತ್ತಿ ಇಣುಕೋದು, ಪಕ್ಕದಲ್ಲಿ ಮಲಗಿದ್ದ ಹುಡುಗನ ಮುಖಕ್ಕೆ ಬಿಸಿಲು ಹೊಡೆಯೋದು, "ಸಾರಿ ಕಣಪ್ಪ, ಚಂದ್ರ" ಅನ್ನೋದು. ಆ ಹುಡುಗ ಪಂಜಾಬಿ, ಪಾಪ, ಪ್ರತಿ ಸಲ "ಓಕೆ ಆಂಟೀಜಿ" ಅಂತಿದ್ದ. ಬೆಂಗಳೂರಲ್ಲಿ ಚಂದ್ರ ಬಂದಿರ್ತಾನೆ, ಊಟ ಮಾಡಮ್ಮ ಅಂದೆ. "ನಾನು ಬೆಂಗಳೂರಲ್ಲಿ ಇದೀನೇನೋ?" ಅಂದ್ರು. ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ, ಅಂತೂ ಅಮ್ಮನ ಊಟಾನೂ ನಾನೇ ತಿಂದೆ.

ಅಣ್ಣನ ಮನೆ ಮುಟ್ಟಿದ ತಕ್ಷಣ ಅಮ್ಮ ಕೇಳಿದ್ದು ಮೊಮ್ಮಗಳನ್ನಲ್ಲ, "ಇಲ್ಲಿ ಚಂದ್ರೋದಯ ಎಷ್ಟೊತ್ತಿಗೋ?"

ಅಣ್ಣ ಫೋನಲ್ಲಿ ಅಲ್ಲಿನ ಪಂಚಾಂಗ ತೆಗೆದ. ತಿಥಿ ನಡೆಯೋದು ಇಡೀ ಭೂಮಿಗೆ ಒಂದೇ ಹೊತ್ತಿಗೆ, ಚಂದ್ರ ಹುಟ್ಟೋದು ಮಾತ್ರ ಒಂದೊಂದು ಊರಲ್ಲಿ ಒಂದೊಂದು ಹೊತ್ತಿಗೆ ಅಂತ ಏನೇನೋ ಪೀಠಿಕೆ ಹಾಕಿ, ಆಮೇಲೆ ಮೆಲ್ಲಗೆ ಹೇಳಿದ, "ಅಮ್ಮಾ, ಇಲ್ಲಿ ಸಂಕಷ್ಟಿ ನಿನ್ನೇನೇ ಮುಗೀತು."

"ನಿನ್ನೆ ನಾನು ಪದ್ದಕ್ಕನ ಮನೇಲಿ ಎರಡು ಹೋಳಿಗೆ ತಿಂದಿದ್ದೆ ಕಣೋ!"