ವಿಶ್ವವಿದ್ಯಾಲಯದಲ್ಲಿ ವ್ಯಾಯಾಮ ಕಡ್ಡಾಯವಾಗಬೇಕೆ?

ಪರ

ಮಾನಸಿಕ ತೊಂದರೆಗಳು ಹೆಚ್ಚಾಗಿ ತಲೆ ಎತ್ತುವುದು ಹದಿಹರೆಯ, ಇಪ್ಪತ್ತರ ಆಸುಪಾಸಿನಲ್ಲಿ. ಪದವಿಗೆ ಸೇರುವುದೂ ಅದೇ ವಯಸ್ಸಿನಲ್ಲಿ. ನಿದ್ದೆಗೆ ಹೊತ್ತುಗೊತ್ತಿಲ್ಲ, ಪರೀಕ್ಷೆ ಹತ್ತಿರವಾದಂತೆ ಮೊದಲು ಕೈಬಿಡುವುದು ಆಟವನ್ನೇ. ಶಾಲೆಯಲ್ಲಾದರೆ ಆಟದ ಪೀರಿಯಡ್ ಇರುತ್ತಿತ್ತು, ಇಲ್ಲಿ ಕೇಳುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ. ದಿನಕ್ಕೆ 22 ನಿಮಿಷ ಚುರುಕಾಗಿ ನಡೆದರೂ ಕನಿಷ್ಠ ಲೆಕ್ಕ ಚುಕ್ತಾ. ಅಷ್ಟನ್ನೂ ಮಾಡದವರಿಗಾಗಿ ಕಾರಿಡಾರಿನಲ್ಲಿ ಪೋಸ್ಟರ್ ಅಂಟಿಸಿ ಕೂತರೆ ಏನೂ ಆಗದು.

ಇದು ಹಿರಿಯರ ಬುದ್ಧಿಮಾತಷ್ಟೇ ಅಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್ ಅವರ ತಂಡ ಖಿನ್ನತೆಯಿದ್ದ 156 ಮಂದಿಯಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ, ಉಳಿದವರಿಗೆ ಎರಡನ್ನೂ ಕೊಟ್ಟು ನೋಡಿತು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 16 ವಾರ ಕಳೆಯುವಷ್ಟರಲ್ಲಿ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಮಾತ್ರೆಯ ಪರಿಣಾಮ ಸ್ವಲ್ಪ ಬೇಗ ಕಂಡಿತ್ತು, ಅಷ್ಟೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆ 218 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ನಡಿಗೆ ಅಥವಾ ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ ಖಿನ್ನತೆಗೆ ಉಪಯುಕ್ತ ಎಂದಿತು.

ಹಾಗಾದರೆ ಕಡ್ಡಾಯವೇ ಏಕೆ? ಮನಸ್ಸು ಕುಗ್ಗಿದಾಗ ಮೊದಲು ಹೋಗುವುದು ಎದ್ದು ಹೊರಡುವ ಹುಮ್ಮಸ್ಸು. ಯಾರಿಗೆ ವ್ಯಾಯಾಮ ಹೆಚ್ಚು ಬೇಕೋ ಅವರೇ ಹಾಸಿಗೆ ಬಿಟ್ಟು ಏಳರು. ವೇಳಾಪಟ್ಟಿಯಲ್ಲಿ ಒಂದು ಗಂಟೆ ಇದ್ದರೆ, ಹೋಗದಿದ್ದಾಗ ‘ಯಾಕೆ ಬರಲಿಲ್ಲ’ ಎಂದು ಕೇಳುವವರೊಬ್ಬರಾದರೂ ಇರುತ್ತಾರೆ. ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಪದವಿ ಬೇಕೆಂದರೆ ಈಜು ಬರುತ್ತದೆಂದು ತೋರಿಸಬೇಕು, ಬಾರದಿದ್ದರೆ ಅಲ್ಲೇ ಕಲಿಯಬೇಕು. ಅದರಿಂದ ಆ ಸಂಸ್ಥೆಯ ಓದಿನ ಹೆಸರಿಗೇನೂ ಕುಂದು ಬಂದಿಲ್ಲ.

ವಿರೋಧ

ವ್ಯಾಯಾಮ ಒಳ್ಳೆಯದೆಂಬುದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಹಾಜರಿ ಪುಸ್ತಕದ ಬಗ್ಗೆ. ಡ್ಯೂಕ್ ಪ್ರಯೋಗದಲ್ಲಿದ್ದವರು 50 ದಾಟಿದವರು, ತಾವಾಗಿ ಒಪ್ಪಿ ಬಂದವರು. ಅಂಕ ಹೋದೀತೆಂಬ ಹೆದರಿಕೆಯಿಂದ ಮೈದಾನಕ್ಕೆ ಬಂದ ಹತ್ತೊಂಬತ್ತರ ಹುಡುಗನಿಗೂ ಅದೇ ಫಲ ಸಿಗುತ್ತದೆಂದು ಹೇಗೆ ಹೇಳುವುದು? ಬ್ರಿಟನ್ನಿನಲ್ಲಿ ಖಿನ್ನತೆಯಿದ್ದ 361 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವನ್ನೂ ನೋಡಬೇಕು. ಎಂದಿನ ಚಿಕಿತ್ಸೆಯ ಜೊತೆಗೆ, ಹೆಚ್ಚು ಓಡಾಡುವಂತೆ ಹುರಿದುಂಬಿಸುವ ಸಹಾಯಕರನ್ನೂ ಅಲ್ಲಿ ಒಂದು ಗುಂಪಿಗೆ ಕೊಡಲಾಗಿತ್ತು. ಅವರ ಚಟುವಟಿಕೆ ಹೆಚ್ಚಿತು. ಖಿನ್ನತೆ ಮಾತ್ರ ಉಳಿದವರಿಗಿಂತ ಕಡಿಮೆಯಾಗಲಿಲ್ಲ.

ಇನ್ನು ಆ ತರಗತಿ ನಿಜವಾಗಿ ಹೇಗಿರುತ್ತದೆ ನೋಡಿ. ಇಬ್ಬರು ನಾಯಕರು ಸರದಿಯಂತೆ ತಮಗೆ ಬೇಕಾದವರನ್ನು ಕರೆಯುತ್ತಾ ಹೋಗುತ್ತಾರೆ. ಕೊನೆಗೆ ಒಬ್ಬ ದಪ್ಪಗಿನವನು, ಕನ್ನಡಕದವಳೊಬ್ಬಳು ಉಳಿಯುತ್ತಾರೆ. ‘ಅವರನ್ನು ನೀನೇ ಇಟ್ಟುಕೋ’ ಎಂಬ ಮಾತು ಎಲ್ಲರಿಗೂ ಕೇಳಿಸುತ್ತದೆ. ಆಮೇಲೆ ಅವರಿಬ್ಬರೂ ಬೌಂಡರಿ ಗೆರೆಯ ಹತ್ತಿರ ನಿಂತು ಗಂಟೆ ಮುಗಿಯುವುದನ್ನೇ ಕಾಯುತ್ತಾರೆ. ಇದರಿಂದ ಮನಸ್ಸು ಹಗುರಾಗುತ್ತದೆಂದು ಆಡಳಿತ ಮಂಡಳಿಯವರೇ ನಂಬಬೇಕು. ಪ್ಯಾನಿಕ್ ಅಟ್ಯಾಕ್ ಅನುಭವಿಸಿದವರಿಗೆ ಓಡುವಾಗ ಎದೆ ಡವಗುಟ್ಟಿದರೂ ಅದೇ ಮತ್ತೆ ಬಂತೆಂಬ ಭಯವಾಗಬಹುದು. ತೂಕ, ಊಟದ ಚಿಂತೆಯೇ ಕಾಯಿಲೆಯಾಗಿರುವ (ಈಟಿಂಗ್ ಡಿಸಾರ್ಡರ್) ಕೆಲವರು ಮೊದಲೇ ಮೈ ಮುರಿಯುವಷ್ಟು ವ್ಯಾಯಾಮ ಮಾಡುತ್ತಿರುತ್ತಾರೆ. ಅವರಿಗೆ ನಿಯಮವೇ ನೆಪವಾಗುತ್ತದೆ. ಉಳಿದವರು ಪ್ರಾಕ್ಸಿ ಹಾಕಿಸುತ್ತಾರೆ, ಇಲ್ಲವೇ ವೈದ್ಯಕೀಯ ಪ್ರಮಾಣಪತ್ರ ತರುತ್ತಾರೆ.

ಎದ್ದು ಬರಲಾರದವರನ್ನು ಎಬ್ಬಿಸಬೇಕೆಂಬ ಮಾತು ಪರವಾದದಲ್ಲಿ ಎಲ್ಲಕ್ಕಿಂತ ಗಟ್ಟಿ, ಒಪ್ಪುತ್ತೇನೆ. ಆದರೆ ಅಂಥವರು ಗೈರಾದರೆ ಕಡ್ಡಾಯ ಪದ್ಧತಿ ಅವರಿಗೆ ಕೊಡುವುದು ಅನುತ್ತೀರ್ಣವನ್ನು. ಕುಗ್ಗಿದವರ ತಲೆಯ ಮೇಲೆ ಇನ್ನೊಂದು ಬ್ಯಾಕ್‌ಲಾಗ್! ಕಡ್ಡಾಯ ಮಾಡಲೇಬೇಕೆಂದಿದ್ದರೆ ವಿಶ್ವವಿದ್ಯಾಲಯದ ಮೇಲೇ ಮಾಡಲಿ: ಸಂಜೆ ಒಂದು ಗಂಟೆ ಯಾವ ತರಗತಿಯೂ ಇರಕೂಡದು, ಮೈದಾನದ ದೀಪ ರಾತ್ರಿಯವರೆಗೆ ಉರಿಯಬೇಕು, ಏನೂ ಬಾರದವರಿಗೆ ಬೇರೆ ಬ್ಯಾಚ್ ಇರಬೇಕು, ಜಿಮ್ಮಿನ ಬೀಗ ಕ್ರೀಡಾ ತಂಡದವರಿಗಷ್ಟೇ ತೆರೆಯುವುದು ನಿಲ್ಲಬೇಕು. ಇಷ್ಟಾದ ಮೇಲೂ ಬಾರದವರನ್ನು ಮಾತಾಡಿಸಲು ಆಪ್ತಸಮಾಲೋಚಕರು ಬೇಕು, ಅವರ ಭೇಟಿಗೆ ತಿಂಗಳುಗಟ್ಟಲೆ ಕಾಯುವಂತಿರಬಾರದು.